ಮುಸ್ಸಂಜೆಯ ಎರಡು ಚಿಟಿಕೆ ಅಕ್ಕಿ

ಮೂರನೇ ಮಹಡಿ,
ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮೇಲಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ಸೊಸೆಗೆ ಬರೆಯುವ ಕಾಗದಕ್ಕೆ ಏನೆಂದು ಕರೆಯಬೇಕೋ ತಿಳಿಯದೆ ಒಂದು ಹಾಳೆ ಹಾಳು ಮಾಡಿದೆ. ಕೈಗೆ ಬಂದದ್ದನ್ನೇ ಬರೆದಿದ್ದೇನೆ. ಹೇಗಿದ್ದೀಯ? ಲ್ಯಾಬಿನಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ನಿನ್ನ ರಕ್ತವನ್ನೂ ಒಮ್ಮೆ ನೋಡಿಕೋ. ಹೋದ ವರ್ಷವೇ ಮುಖ ಬಿಳಿಚಿತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಮಂಡಿಯಲ್ಲೇ ಇದೆ, ಮೇಲಕ್ಕೂ ಹತ್ತಿಲ್ಲ, ಕೆಳಕ್ಕೂ ಇಳಿದಿಲ್ಲ. ಕೆಲಸ ಕೈತುಂಬ ಇದೆ. ಜನ ದಪ್ಪ ಆಗುವುದನ್ನೂ ಸಣ್ಣ ಆಗುವುದನ್ನೂ ಬಿಡುವವರೆಗೆ ಬಟ್ಟೆ ಸರಿಪಡಿಸುವವಳಿಗೆ ಅನ್ನಕ್ಕೆ ಕೊರತೆಯಿಲ್ಲ. ಬಲಗೈ ಹೆಬ್ಬೆರಳಿನಲ್ಲಿ ಒಂದು ಬೊಕ್ಕೆ ಎದ್ದಿತ್ತು, ಇನ್ನೂ ಪೂರ್ತಿ ಮಾಗಿಲ್ಲ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ಗಾಬರಿಯಾಗಬೇಡ. ಆ ಬೊಕ್ಕೆಯ ಕಥೆ ಹೇಳಲೆಂದೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಊಟ ಆಯ್ತಾ ಅನ್ನುತ್ತೀಯ, ನಾನು ಆಯ್ತು ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಮಾತೂ ಮುಗಿದುಹೋಗುತ್ತದೆ.

ನಾನು ಅಗ್ನಿಹೋತ್ರ ಕಲಿಯುತ್ತಿದ್ದೇನೆ. ನಗಬೇಡ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಒಮ್ಮೆ, ಸಂಜೆ ಮುಳುಗುವಾಗ ಒಮ್ಮೆ, ಅಂಗೈಯಗಲದ ತಾಮ್ರದ ಕುಂಡದಲ್ಲಿ ಬೆರಣಿ ಚೂರು ಉರಿಸಿ, ತುಪ್ಪ ಸವರಿದ ಅಕ್ಕಿಯನ್ನು ಎರಡು ಚಿಟಿಕೆ ಹಾಕುವುದು, ಅಷ್ಟೆ. ಪುರೋಹಿತರು ಬೇಡ, ಮಂಟಪ ಬೇಡ, ದೊಡ್ಡ ದೊಡ್ಡ ಮಂತ್ರವೂ ಬೇಡ. ಸಂಜೆಯ ಮಂತ್ರ ಎರಡೇ ಸಾಲು. ಆ ಎರಡು ಸಾಲು ನನ್ನನ್ನು ಎಷ್ಟು ಆಟವಾಡಿಸಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಿನಗೆ ವರ್ಗವಾಗಿ ನೀನು ಹೊರಟ ಮೇಲೆ ಬೆಳಗು ಹೇಗೋ ಕಳೆಯುತ್ತಿತ್ತು. ಗಿರಾಕಿಗಳು ಬರುತ್ತಾರೆ, ಯಂತ್ರ ಗರಗರ ಅನ್ನುತ್ತದೆ, ರೇಡಿಯೋ ಇದೆ. ಸಂಜೆಯದೇ ಕಷ್ಟ. ನೀನು ಮೆಟ್ಟಿಲು ಹತ್ತಿ ಬರುವ ಹೊತ್ತು. ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಬಿಡಲು ನಿಲ್ಲುತ್ತಿದ್ದೆಯಲ್ಲ, ಆ ಹೊತ್ತಿಗೆ ನನ್ನ ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಬೇರೆ ಯಾರದೋ ಚಪ್ಪಲಿ ಸದ್ದು ಬರುತ್ತಿತ್ತು, ಯಾವುದೋ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಒಂದು ದಿನ ಟೀಚರಮ್ಮ ಬಂದಿದ್ದರು, ಆಚೆ ಬೀದಿಯಲ್ಲಿರುವ ರಿಟೈರ್ಡ್ ಸಂಸ್ಕೃತ ಮೇಡಂ. ನೀನು ನೋಡಿಲ್ಲ. ಕೂರಲು ಹತ್ತಿಯ ಆಸನವೊಂದನ್ನು ಹೊಲಿದು ಕೊಡಿ ಎಂದು ತೀರಿಹೋದ ಗಂಡನ ಹಳೆಯ ಶಾಲು ತಂದಿದ್ದರು. ಅಳತೆ ಕೊಡುತ್ತಾ ಕತ್ತು ತಿರುಗಿಸಿ ಮನೆಯನ್ನೆಲ್ಲ ನೋಡಿ, "ಒಬ್ಬರೇನಾ? ಹೊತ್ತು ಮುಳುಗೋವಾಗ ಏನ್ ಮಾಡ್ತೀರಿ?" ಎಂದರು. ನಾನು, "ಲೈಟ್ ಹಾಕ್ತೀನಿ" ಎಂದೆ. ಅವರು ನಗಲಿಲ್ಲ. "ನಾನೂ ಮೊದಲು ಅಷ್ಟೇ ಮಾಡ್ತಿದ್ದೆ" ಎಂದರು. ಆಸನ ಯಾತಕ್ಕೆಂದು ಕೇಳಿದೆ. ಮಾತಿಗೆ ಮಾತು ಬೆಳೆದು ಈ ವಿಷಯ ಬಂತು. ಗಂಡ ಇಲ್ಲ, ಮಗ ಇಲ್ಲ, ನನ್ನಂಥವಳು ಹೋಮ ಗೀಮ ಮಾಡಬಹುದೇ ಎಂದು ಕೇಳಿದ್ದಕ್ಕೆ, "ಬೆಂಕಿ ಏನಾದ್ರೂ ತಕರಾರು ಮಾಡಿದ್ರೆ ನನ್ನ ಹತ್ರ ಕಳಿಸಿ" ಎಂದರು.

ಆದರೆ ಬೆಂಕಿಗೂ ನನಗೂ ಮಾತು ಬಿಟ್ಟಿತ್ತು. ಅದು ನಿನಗೆ ಗೊತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿಲ್ಲ, ಅಷ್ಟೆ. ನಮ್ಮ ಹುಡುಗನನ್ನು ಕೊನೆಗೆ ಕರೆದೊಯ್ದ ದಿನ ನಾನು ಚಿತಾಗಾರದ ಗೇಟಿನ ಹೊರಗಿನ ಕಲ್ಲುಬೆಂಚಿನಿಂದ ಏಳಲಿಲ್ಲ. ನೀನು ಒಳಗೆ ಹೋದೆ. ಮದುವೆಯಾಗಿ ಮೂರು ವರ್ಷ ತುಂಬದ ಹುಡುಗಿ, ನೀನು ನಿಂತು ನೋಡಿದೆ. ಹೆತ್ತ ನನಗೆ ಕಂಡಿದ್ದು ತಗಡಿನ ಮಾಡಿನ ಮೇಲೆ ಏಳುತ್ತಿದ್ದ ಹೊಗೆ ಮಾತ್ರ. ಆಮೇಲೆ ಒಲೆ ಹಚ್ಚುವಾಗಲೆಲ್ಲ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಹಾಗೆ ತಿರುಗಿಸಿ ಸಾರು ಸೀದುಹೋದದ್ದು ಎಷ್ಟು ಸಲವೋ. ನೀನು ಒಂದು ಶನಿವಾರ ಕರೆಂಟಿನ ಒಲೆ ತಂದು ಜೋಡಿಸಿ, ಗ್ಯಾಸ್ ಒಲೆಯನ್ನು ಒರೆಸಿ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆ. "ಇದ್ರಲ್ಲಿ ಬೇಗ ಆಗುತ್ತಮ್ಮ" ಎಂದೆ, ಅಷ್ಟೆ. ಹೆತ್ತ ಮಗಳಿದ್ದರೂ ಅಷ್ಟು ಸೂಕ್ಷ್ಮ ಇರುತ್ತಿತ್ತೋ ಇಲ್ಲವೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬಾಯಲ್ಲಿ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಇಂಥವಳು ಬೆಂಕಿಯ ಮುಂದೆ ಹೇಗೆ ಕೂತಳು ಎಂದು ನಿನಗೆ ಅನ್ನಿಸಬಹುದು. ಧೈರ್ಯ ಬಂದು ಕೂತದ್ದಲ್ಲ. ಸಂಜೆಗೊಂದು ಕೆಲಸ ಬೇಕಿತ್ತು, ಅದಕ್ಕೆ ಕೂತೆ. ಟೀಚರಮ್ಮ ಎರಡು ಸಂಜೆ ಬಂದು ತೋರಿಸಿಕೊಟ್ಟರು. ತಳದಲ್ಲಿ ಒಂದು ಚಪ್ಪಟೆ ಚೂರು, ಸುತ್ತ ಗೋಡೆ ಕಟ್ಟಿದ ಹಾಗೆ ನಿಲ್ಲಿಸಿದ ಚೂರುಗಳು, ಗಾಳಿ ಆಡಲು ನಡುವೆ ಜಾಗ, ತುಪ್ಪ ಹಚ್ಚಿದ ಚೂರಿಗೆ ಕರ್ಪೂರದ ಕಿಡಿ. ಅಕ್ಕಿ ಮುರಿದಿರಬಾರದು. ನೋಡಲು ಮಕ್ಕಳಾಟ. ಮೂರನೇ ಸಂಜೆ ನಾನೊಬ್ಬಳೇ ಕೂತೆ. ಬೆರಣಿ ತೇವ ಹಿಡಿದಿತ್ತೋ, ನಾನು ಒತ್ತೊತ್ತಾಗಿ ಜೋಡಿಸಿದ್ದೆನೋ, ಬೆಂಕಿ ಬರಲೇ ಇಲ್ಲ. ಹೊಗೆ ಮಾತ್ರ ಸೇಡು ತೀರಿಸಿಕೊಳ್ಳುವ ಹಾಗೆ ಬಂತು. ಕಿಟಕಿ ಬೇರೆ ಮುಚ್ಚಿತ್ತು. ನಾನು ಕೆಮ್ಮುತ್ತಾ ಕಣ್ಣೊರೆಸುತ್ತಾ ಊದುತ್ತಿರುವಾಗ ಬಾಗಿಲು ಧಡಧಡ ಬಡಿಯಿತು. ತೆರೆದರೆ ಕೆಳಗಿನ ಮನೆಯ ಫೈರ್ ಎಂಜಿನ್ ಮಾವ, ಕೈಯಲ್ಲಿ ಮರಳಿನ ಬಕೆಟ್ಟು. ಫೈರ್ ಸ್ಟೇಷನ್ ಕೆಲಸದಿಂದ ನಿವೃತ್ತರಾದರೂ ಮರಳಿನ ಬಕೆಟ್ಟು ಅವರ ಮನೆಯ ಚಪ್ಪಲಿಗೂಡಿನ ಪಕ್ಕ ಇದ್ದೇ ಇರುತ್ತದೆ, ನೀನೇ ಅದಕ್ಕೆ ನಗುತ್ತಿದ್ದೆ.

"ಎಲ್ಲಿ ಹೊತ್ಕೊಂಡಿದೆ?" ಎಂದರು. "ಎಲ್ಲೂ ಇಲ್ಲ, ಹತ್ಕೊಳ್ತಾನೇ ಇಲ್ಲ" ಎಂದೆ. ಒಳಗೆ ಬಂದು ಕುಂಡ ನೋಡಿದರು, ನನ್ನನ್ನು ನೋಡಿದರು. "ಇದು ಯಾರಿಗೆ?" "ದೇವರಿಗೆ." "ದೇವರಿಗೂ ಕೆಮ್ಮು ಬರುತ್ತಮ್ಮ" ಎಂದು ಹೇಳಿ ಎರಡೂ ಕಡೆಯ ಕಿಟಕಿ ತೆರೆದು, ಹತ್ತಿರವಿದ್ದ ಬಟ್ಟೆ ರಾಶಿಯನ್ನೆಲ್ಲ ಆಚೆ ಕೋಣೆಗೆ ಸಾಗಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸದೆ ಬೆಂಕಿ ಹತ್ತಿರ ಕೂರಬಾರದು ಎಂದು ಬೈದರು. ಮೊದಲು ನಾನು ಇದನ್ನು ನಿಲ್ಲಿಸಿ ಎನ್ನುತ್ತಾರೆ, ಮನೆ ಓನರಿಗೆ ಹೇಳುತ್ತಾರೆ ಎಂದು ಹೆದರಿದ್ದೆ. ಹಾಗೇನೂ ಹೇಳಲಿಲ್ಲ. ಎರಡು ಚೂರು ಎತ್ತಿ ಕುಂಡವನ್ನು ಸಡಿಲ ಮಾಡಿದರು. ಬೆಂಕಿ ಸರಕ್ಕನೆ ಎದ್ದಿತು. ನಾನು ರೂಢಿಯಂತೆ ಮುಖ ತಿರುಗಿಸಿದೆ. ತುಪ್ಪದ ಚಮಚ ಜಾರಿ ಹೆಬ್ಬೆರಳು ಬೆಂಕಿಗೆ ತಾಗಿತು, ಬೊಕ್ಕೆ ಎದ್ದದ್ದು ಆಗಲೇ. ಅವರು ಅದನ್ನು ನೋಡಿ ನಲ್ಲಿ ನೀರಿನ ಕೆಳಗೆ ಕೈ ಹಿಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಬೆಂಕಿಯಿಂದ ಕಣ್ಣು ತೆಗೀಬೇಡಿ. ನೋಡ್ತಾ ಇದ್ರೆ ಅದು ಏನೂ ಮಾಡಲ್ಲ" ಎಂದರು. ಅವರು ಹೇಳಿದ್ದು ಅವರ ಕೆಲಸದ ಮಾತು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮರಳಿನ ಬಕೆಟ್ಟು ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದರು.

ಇನ್ನು ಮಂತ್ರದ ಸುದ್ದಿ. ಸಂಜೆ, "ಅಗ್ನಯೇ ಸ್ವಾಹಾ" ಎಂದು ಮೊದಲ ಚಿಟಿಕೆ ಅಕ್ಕಿ ಹಾಕಬೇಕು. ಹಾಕಿ, "ಅಗ್ನಯೇ ಇದಂ ನ ಮಮ" ಅನ್ನಬೇಕು. ಎರಡನೇ ಚಿಟಿಕೆ ಪ್ರಜಾಪತಿಗೆ, ಅದಕ್ಕೂ ಅದೇ ಕೊನೆ. ಅರ್ಥ ಕೇಳಿದೆ. ಇದು ಅಗ್ನಿಯದು, ನನ್ನದಲ್ಲ ಎಂದು ಅರ್ಥವಂತೆ. ಅರ್ಥ ಕೇಳಬಾರದಿತ್ತು. ಅರ್ಥ ತಿಳಿಯದೆ ಗಿಣಿಯ ಹಾಗೆ ಒಪ್ಪಿಸುತ್ತಿದ್ದವಳಿಗೆ ಆ ಕೊನೆಯ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಸ್ವಾಹಾ ಎನ್ನುವವರೆಗೆ ಗಟ್ಟಿ ದನಿ, ಆಮೇಲೆ ತುಟಿ ಮಾತ್ರ. ಟೀಚರಮ್ಮ ಆಸನ ಒಯ್ಯಲು ಬಂದವರು ಸಂಜೆಯವರೆಗೆ ಕೂತಿದ್ದು ಕೇಳಿಸಿಕೊಂಡರು. ತಪ್ಪು ತಿದ್ದಿ ಅಭ್ಯಾಸವಿದ್ದವರು, ನುಂಗಿದ್ದು ತಿಳಿಯದೇ ಇರುತ್ತದೆಯೇ? ಆದರೂ ತಿದ್ದಲಿಲ್ಲ. ಬೂದಿ ಆರುವವರೆಗೆ ಕೂತಿದ್ದು, ಎದ್ದು ಹೋಗುವಾಗ, "ನಮ್ಮನೆಯವರು ಹೋದ್ಮೇಲೆ ನನಗೂ ಅದು ಬಾಯಿಗೆ ಬರ್ತಿರ್ಲಿಲ್ಲ. ಬರೋವರೆಗೂ ಬಿಟ್ಟುಬಿಡಿ. ಅಕ್ಕಿ ಹಾಕೋದು ಮಾತ್ರ ಬಿಡಬೇಡಿ" ಎಂದರು. ಅವರ ಹೆಗಲ ಮೇಲೆ ಕೈ ಇಡಬೇಕು ಅನ್ನಿಸಿತು. ಅಷ್ಟು ಸಲುಗೆ ಇನ್ನೂ ಇರಲಿಲ್ಲ.

ಹಾಗೇ ನಡೆಸಿಕೊಂಡು ಬಂದೆ. ದಿನಾ ಪೇಪರಿನ ಮೂಲೆಯಲ್ಲಿ ಸೂರ್ಯ ಮುಳುಗುವ ಹೊತ್ತು ನೋಡಿ, ಕತ್ತರಿ ಬದಿಗಿಟ್ಟು, ಕೈಕಾಲು ತೊಳೆದು ಕೂರುತ್ತಿದ್ದೆ. ನಿಜ ಹೇಳುತ್ತೇನೆ, ದೊಡ್ಡ ಶಾಂತಿಯೇನೂ ಸಿಗಲಿಲ್ಲ. ಬೆಂಕಿ ಉರಿಯುವಷ್ಟು ಹೊತ್ತು ಮನೆಯಲ್ಲಿ ಇನ್ನೊಂದು ಜೀವ ಇದ್ದ ಹಾಗೆ ಅನ್ನಿಸುತ್ತಿತ್ತು, ಆರಿದ ಮೇಲೆ ಮನೆ ಮೊದಲಿಗಿಂತ ಖಾಲಿ. ಕೆಲವು ದಿನ ಅದೇ ಭಯಕ್ಕೆ ಬೇಡವೇ ಬೇಡ ಎಂದುಕೊಂಡು, ಹೊತ್ತು ಬಂದಾಗ ಮತ್ತೆ ಹೋಗಿ ಕೂತಿದ್ದುಂಟು.

ಮೊನ್ನೆ ಗುರುವಾರ ಒಬ್ಬಾಕೆ ಮಗನ ಶಾಲೆಯ ಪ್ಯಾಂಟು ಉದ್ದ ಮಾಡಿಸಲು ತಂದಿದ್ದಳು. ಅಂಚು ಬಿಚ್ಚಿದರೆ ಒಳಗೆ ಮಡಿಸಿಟ್ಟ ಬಟ್ಟೆ ಹೊಸದರ ಹಾಗೇ ಇತ್ತು, ಮೇಲಿನದೆಲ್ಲ ಮಾಸಿತ್ತು. ನಮ್ಮವನಿಗೆ ನಾನೂ ಹಾಗೇ ಹೊಲಿಯುತ್ತಿದ್ದೆ. ಬೆಳೆಯುವ ಹುಡುಗ, ಮುಂದಿನ ವರ್ಷಕ್ಕೆ ಇರಲಿ ಎಂದು ಒಳಗೆ ನಾಲ್ಕು ಬೆರಳು ಬಟ್ಟೆ ಬಿಡುತ್ತಿದ್ದೆ. ಪ್ರತಿ ವರ್ಷ ಬಿಚ್ಚುವುದು, ಇಳಿಸುವುದು. ಅವನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, "ಈ ಸಲ ಎಷ್ಟು ಬೆಳೆದಿದ್ದೀನಿ ನೋಡಮ್ಮ" ಅನ್ನುತ್ತಿದ್ದ. ಆ ನೆನಪಿನಲ್ಲೇ ಸಂಜೆಯಾಯಿತು. ಕುಂಡ ಜೋಡಿಸಿದೆ. ಅವತ್ತು ಏನೋ, ಒಂದೇ ಕಿಡಿಗೆ ಹೊಗೆಯಿಲ್ಲದೆ ಹತ್ತಿಕೊಂಡಿತು. ಹಳದಿ ಬೆಂಕಿ, ಸದ್ದಿಲ್ಲ. ನಾನು ನೋಡುತ್ತಾ ಕೂತೆ. ನೋಡುತ್ತಿದ್ದೇನೆ ಎಂಬುದು ನನಗೇ ತಡವಾಗಿ ತಿಳಿಯಿತು. ಮುಖ ತಿರುಗಿಸಿರಲಿಲ್ಲ. ಅಕ್ಕಿ ಹಾಕಿದೆ. ಕಾಳು ಕಪ್ಪಾಗಿ ಮುದುರಿ ಬೆಂಕಿಯೊಳಗೆ ಸೇರಿತು. ಗೇಟಿನ ಹೊರಗೆ ಕೂತಿದ್ದವಳು ಅವತ್ತು ಒಳಗೆ ಹೋಗಿ ನಿಂತ ಹಾಗಾಯಿತು. ಆಗ ಆ ಮಾತು ತಾನೇ ಬಂತು, ಗಟ್ಟಿಯಾಗಿ, ಗೋಡೆಗೆ ತಾಗುವ ಹಾಗೆ. ಇದಂ ನ ಮಮ. ಎರಡನೇ ಚಿಟಿಕೆಗೂ ಹೇಳಿ ಮುಗಿಸಿದೆ. ಆಮೇಲೆ ಬಹಳ ಅತ್ತೆ. ಅವನು ಹೋದ ದಿನ ಅಳಬೇಕಿದ್ದದ್ದು ಅಷ್ಟೂ ಅಲ್ಲೇ ಕೂತಿತ್ತು ಅನ್ನಿಸುತ್ತದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಫೈರ್ ಎಂಜಿನ್ ಮಾವ. "ಇವತ್ತು ಹೊಗೆ ವಾಸನೆ ಬರ್ಲಿಲ್ಲ. ಹಚ್ಚಿಲ್ವೇನೋ, ಹುಷಾರಿಲ್ವೇನೋ ಅಂತ ಬಂದೆ" ಎಂದರು. "ಹಚ್ಚಿದ್ದೆ, ಚೆನ್ನಾಗಿ ಹತ್ತಿತು, ಅದಕ್ಕೇ ಹೊಗೆ ಇಲ್ಲ" ಎಂದೆ. ನನ್ನ ಕಣ್ಣು ನೋಡಿದರು. "ಹಾಗಾದ್ರೆ ಸರಿ" ಎಂದು ಇಳಿದುಹೋದರು. ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಆದರೆ ಅವರು ಅವನನ್ನು ಮೆಟ್ಟಿಲಲ್ಲಿ ಕಂಡವರು, ಅಷ್ಟೆ. ಟೀಚರಮ್ಮ ಅವನನ್ನು ಕಂಡೇ ಇಲ್ಲ. ಅವನು ಯಾರು, ಹೇಗೆ ನಗುತ್ತಿದ್ದ, ಯಾವ ಪಲ್ಯ ಕಂಡರೆ ಮುಖ ಸಿಂಡರಿಸುತ್ತಿದ್ದ ಎಂದು ಗೊತ್ತಿರುವವರು ಈ ಲೋಕದಲ್ಲಿ ಇನ್ನು ನಾನು, ನೀನು, ಇಬ್ಬರೇ. ಅದಕ್ಕೇ ನಿನಗೆ ಬರೆದೆ.

ಹೊತ್ತು ಹೊತ್ತಿಗೆ ಉಣ್ಣು. ಒಗೆದ ಬಟ್ಟೆ ಪೂರ್ತಿ ಒಣಗದೆ ಹಾಕಿಕೊಳ್ಳಬೇಡ. ನಿನ್ನ ರೂಮಿನ ಓನರಮ್ಮನಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ, ನೂರು ಕಾಲ ಬಾಳು. ನನ್ನ ಆಯಸ್ಸಿನಲ್ಲಿ ಉಳಿದದ್ದರಿಂದ ಬೇಕಾದಷ್ಟು ತೆಗೆದುಕೋ.

ಇಂತು ನಿನ್ನನ್ನು ದಿನಾ ನೆನೆಯುವ,
ಅತ್ತೆ

ತಾ. ಕ.: ಸೋಮವಾರ ಬೆಳಿಗ್ಗೆ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಹೋದ ವಾರ ನೀನು ಫೋನಿನಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ ಗಂಡಸೊಬ್ಬರು, "ನಿಂಗೆ ಸಕ್ಕರೆ ಅರ್ಧ ಚಮಚ ತಾನೇ?" ಎಂದು ಕೇಳಿದರು. ಅದು ಟಿವಿ ಎಂದು ನೀನು ಅಂದೆ. ನೀನು ಟೀಗೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತೀಯ ಎಂಬುದು ಟಿವಿಗೆ ಗೊತ್ತಿರುವುದಿಲ್ಲ ಮಗಳೇ. ದನಿ ಒಳ್ಳೆಯ ದನಿ, ಅವಸರವಿಲ್ಲದ ದನಿ. ನನಗೆ ಹೇಗೆ ಹೇಳುವುದು ಎಂದು ನೀನು ಊಟ ಬಿಟ್ಟು ಕೊರಗುತ್ತಿದ್ದರೆ ಇವತ್ತೇ ನಿಲ್ಲಿಸು. ನಾನೇನೂ ಅಂದುಕೊಂಡಿಲ್ಲ. ಅಂದುಕೊಂಡಿದ್ದೆ, ಆಮೇಲೆ ಬಿಟ್ಟೆ. ಅವರನ್ನು ಕರೆದುಕೊಂಡು ಒಂದು ಭಾನುವಾರ ಬಾ. ನಿನಗೆ ಅಪ್ಪ ಅಮ್ಮ ಇಲ್ಲ, ಅವರ ಮನೆಯಲ್ಲಿ ಹೆಣ್ಣಿನ ಕಡೆಯವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ನನ್ನ ವಿಳಾಸ ಕೊಡು.