ಸಿಕ್ಕಿಕೊಂಡ ಬಟ್ಟಲು

ಚಿಕ್ಕಪ್ಪನಿಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಶನಿವಾರ ನಿಮ್ಮ ಜಾದೂ ಪ್ರದರ್ಶನದಲ್ಲಿ ಹಿತ್ತಾಳೆಯ ಮೂರು ಬಟ್ಟಲುಗಳ ಪೈಕಿ ಎರಡು ಒಂದರೊಳಗೊಂದು ಸಿಕ್ಕಿಕೊಂಡವು. ಬಿಡಿಸಲು ಎಳೆದಾಗ ನಡುವೆ ಅಡಗಿಸಿದ್ದ ಚೆಂಡು ಎಲ್ಲರೆದುರು ಉರುಳಿತು. ಆಗ ನೀವು ಮೈಕಿನಲ್ಲಿ, "ಏನ್ ಮಾಡೋದು, ಮಾಡಿಕೊಟ್ಟ ನಮ್ಮಣ್ಣನ ಕೈ ಈಗ ನಡುಗುತ್ತೆ" ಅಂದಿರಿ. ಜನ ನಕ್ಕರು. ಎರಡನೇ ಸಾಲಿನಲ್ಲಿ ಕೂತಿದ್ದ ಅಪ್ಪ ತಲೆ ತಗ್ಗಿಸಿದರು. ಅಂದಿನಿಂದ ಅವರು ಕೆಲಸದ ಕೋಣೆಗೆ ಕಾಲಿಟ್ಟಿಲ್ಲ.

ರಿಪೇರಿಗೆಂದು ನೀವು ಕಳಿಸಿದ ಬಟ್ಟಲನ್ನು ಇವತ್ತು ಬೆಳಕಿಗೆ ಹಿಡಿದು ನೋಡಿದೆ. ಅಂಚು ಒಂದು ಕಡೆ ನೆಗ್ಗಿದೆ, ನೆಗ್ಗಿದಲ್ಲಿ ಸಿಮೆಂಟಿನ ಪುಡಿ ಕೂತಿದೆ. ನಮ್ಮ ಕೆಲಸದ ಕೋಣೆಯ ನೆಲ ಮರದ್ದು, ನೀವು ಅಭ್ಯಾಸ ಮಾಡುವ ಕೋಣೆಯದು ಸಿಮೆಂಟಿನದು. ಬೀಳಿಸಿದ್ದು ನೀವು, ತಪ್ಪು ಹೊತ್ತದ್ದು ಅಪ್ಪ.

ಇನ್ನೊಂದು ಮಾತು ಕೇಳಿಸಿಕೊಳ್ಳಿ. ಅಪ್ಪನ ಕೈ ನಡುಗುವುದು ನಿಜ. ಅದಕ್ಕೇ ಎರಡು ವರ್ಷದಿಂದ ನಿಮ್ಮ ಬಟ್ಟಲುಗಳನ್ನೆಲ್ಲ ಲೇತಿನಲ್ಲಿ ಕಡೆಯುತ್ತಿರುವುದು ನಾನು. "ಇದು ಮಗಳ ಕೆಲಸ" ಅಂದಿದ್ದರೆ ಅಪ್ಪ ಅಲ್ಲೇ ಪಾರಾಗುತ್ತಿದ್ದರು. ಅನ್ನಲಿಲ್ಲ. ಮನೆಗೆ ಬಂದು, "ಬೇಜಾರು ಮಾಡ್ಕೋಬೇಡ, ಮುಂದಿನ ಸಲ ಅಂಚನ್ನು ಇನ್ನೊಂದು ಕೂದಲೆಳೆಯಷ್ಟು ತೆಳು ಮಾಡು" ಅಂದರು, ಅಷ್ಟೆ. ತಪ್ಪು ಮಗಳದೇ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಅಪ್ಪನ ಎದುರು ಕೂತು, ಬೀಳಿಸಿದ್ದು ನಾನೇ ಎಂದು ನಿಮ್ಮ ಬಾಯಿಂದ ಹೇಳಿ. ಅದಕ್ಕೆ ನಾಲಿಗೆ ಏಳದಿದ್ದರೆ ಬರಲೇಬೇಡಿ. ಈ ಕೈಯಿಂದ ನಿಮಗೆ ಇನ್ನೊಂದು ಬಟ್ಟಲು ಸಿಗುವುದಿಲ್ಲ.

ಇಂತಿ,
ನಿಮ್ಮ ಅಣ್ಣನ ಮಗಳು