ಡ್ರೈವರ್ ಮಾಮನ ಉರಿ

ಜೂನ್ ೧೦, ಸೋಮವಾರ

ಬೆಳಗಿನ ಟ್ರಿಪ್ ಮುಗಿಯಿತು. ಶಾಲೆಯ ಗೇಟಿನಲ್ಲಿ ಬಸ್ ನಿಲ್ಲಿಸಿದ್ದೇ ತಡ, ಶೌಚಾಲಯಕ್ಕೆ ಓಟ. ಮತ್ತೆ ಅದೇ ಉರಿಮೂತ್ರ. ಹನಿ ಹನಿ... ಕಣ್ಣಲ್ಲಿ ನೀರು.

ಬಸ್ಸಿನ ಆಯಾ ಗಮನಿಸಿದ್ದಾಳೆ. "ಏನಣ್ಣಾ, ಮಕ್ಕಳನ್ನೂ ಮೀರಿಸಿ ಓಡಿದ್ರಿ?" ನಕ್ಕು ಬಸ್ಸಿನ ಗಾಜು ಒರೆಸತೊಡಗಿದೆ.

ಸಂಜೆ ಮೆಡಿಕಲ್ ಶಾಪ್. ಹೆಂಗಸರಿದ್ದರು. ಅವರು ಹೋಗುವ ತನಕ ಟೂತ್‌ಪೇಸ್ಟ್ ನೋಡುತ್ತ ನಿಂತೆ. ಆಮೇಲೆ ಪಿಸುಗುಟ್ಟಿದೆ.

"ಡಾಕ್ಟ್ರ ಚೀಟಿ ಇದ್ಯಾ ಅಣ್ಣ?"

"ಹೋದ್ಸಲ ಕೊಟ್ಟಿದ್ಯಲ್ಲ, ಅದೇ ಆಂಟಿಬಯಾಟಿಕ್ ಕೊಡಪ್ಪ."

"ಒಂದ್ಸಲ ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ತೋರಿಸ್ತೀನಿ, ತೋರಿಸ್ತೀನಿ."

ಕೊಟ್ಟ. ಪಾಪ, ಇಲ್ಲವೆಂದರೆ ಜನ ಹರಿಹಾಯುತ್ತಾರೆ.

ಜೂನ್ ೧೩, ಗುರುವಾರ

ಉರಿ ಮಾಯ! ಮಾತ್ರೆ ನಿಲ್ಲಿಸಿದೆ. ವಾಸಿಯಾದ ಮೇಲೂ ನುಂಗಿ ಮೈ ಉಷ್ಣ ಮಾಡಿಕೊಳ್ಳುವುದೇಕೆ?

ಜುಲೈ ೮, ಸೋಮವಾರ

ಮತ್ತೆ ಶುರು. ಇನ್ನೊಂದು ಪಟ್ಟಿ ಮಾತ್ರೆ ತಂದೆ. ಮನೆಯಲ್ಲಿ ಇವಳ ಕೈಗೆ ಸಿಕ್ಕಿಬಿದ್ದೆ.

"ರೀ, ಬೀದಿ ಕೊನೇಲೇ ಕ್ಲಿನಿಕ್ ಇದೆ. ಡಾಕ್ಟ್ರು ಗೊತ್ತಿರೋ ಹುಡುಗಿ ಬೇರೆ."

ಅದೇ ಕಣೇ ತೊಂದರೆ! ಆ ಹುಡುಗಿ ಶಾಲೆ ಮುಗಿಯುವವರೆಗೂ ನನ್ನ ಬಸ್ಸಿನಲ್ಲೇ ಬಂದವಳು. ಎರಡು ಜಡೆ, ನನ್ನ ಹಿಂದಿನ ಸೀಟು. 'ಡ್ರೈವರ್ ಮಾಮಾ, ಹಾರ್ನ್ ಹೊಡೀರಿ' ಅಂತ ಪ್ರಾಣ ತಿನ್ನುತ್ತಿದ್ದಳು. ಅಂಥ ಮಗುವಿನ ಮುಂದೆ ಈ ವಿಷಯ ಹೇಗೆ ಬಾಯಿಬಿಡಲಿ? ನಾಚಿಕೆ. ಇವಳಿಗೆ ಅರ್ಥವಾಗುವುದಿಲ್ಲ.

ಜುಲೈ ೨೯, ಸೋಮವಾರ

ಚಳಿ ಜ್ವರ. ಸೊಂಟದ ಮೇಲೆ ಚುಚ್ಚಿದಂತೆ ನೋವು. ಮಾತ್ರೆ ಕೆಲಸವೇ ಮಾಡುತ್ತಿಲ್ಲ. ಬೇರೆ ಜೋರಾದದ್ದು ಕೇಳಿದರೆ ಶಾಪಿನವನು ಕೈ ಮುಗಿದ. "ಬೈದ್ರೂ ಸರಿ ಅಣ್ಣ, ಇನ್ಮೇಲೆ ಕೊಡಲ್ಲ." ಬೈದೇಬಿಟ್ಟೆ. ಬೈಯಬಾರದಿತ್ತು.

ಜುಲೈ ೩೧, ಬುಧವಾರ

ಸ್ಟೀರಿಂಗ್ ಮೇಲೆ ಕೈ ನಡುಗಿತು. ಕಣ್ಣು ಮಂಜು. ಹಿಂದೆ ಬಸ್ ತುಂಬ ಮಕ್ಕಳು. ಹೇಗೋ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದೆ. ಆಯಾ ಶಾಲೆಗೆ ಫೋನ್ ಮಾಡಿದಳು, ಬೇರೆ ಡ್ರೈವರ್ ಬಂದ. ಒಂದು ಪುಟ್ಟ ಹುಡುಗಿ ತನ್ನ ನೀರಿನ ಬಾಟಲಿ ನನ್ನ ಕೈಗಿಟ್ಟಳು. ಏನಾದರೂ ಆಗಿದ್ದರೆ... ಬರೆಯಲಾರೆ.

ಆಗಸ್ಟ್ ೧, ಗುರುವಾರ

ಕ್ಲಿನಿಕ್. ಇವಳೇ ಎಳೆದುಕೊಂಡು ಹೋದಳು. "ಏನಾಯ್ತು ಮಾಮಾ?" "ಸ್ವಲ್ಪ ಉಷ್ಣ ಅಷ್ಟೇ ಕಣಮ್ಮ." ಗೋಡೆ ನೋಡಿಕೊಂಡು ಹೇಳಿದೆ. ಇವಳು ಬಿಡಬೇಕಲ್ಲ, ಎಲ್ಲ ಒದರಿಬಿಟ್ಟಳು.

ಡಾಕ್ಟರ್ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡಳು.

"ಎರಡ್ನೇ ಕ್ಲಾಸಲ್ಲಿ ನಿಮ್ಮ ಬಸ್ಸಲ್ಲೇ ಬಟ್ಟೆ ಒದ್ದೆ ಮಾಡ್ಕೊಂಡಿದ್ದೆ. ನೀವು ನಿಮ್ಮ ನೀರೆಲ್ಲ ಸೀಟ್ ಮೇಲೆ ಸುರಿದು, 'ಅಯ್ಯೋ, ನನ್ನ ಬಾಟ್ಲಿ ಚೆಲ್ಲೋಯ್ತು' ಅಂತ ಎಲ್ಲರಿಗೂ ಕೂಗಿ ಹೇಳಿದ್ರಿ. ಮರೆತ್ರಾ?"

ನನಗೆ ನೆನಪೇ ಇಲ್ಲ.

"ಸೋಂಕು ಕಿಡ್ನಿಗೆ ಏರಿದೆ ಮಾಮಾ. ಮೂತ್ರ ಪರೀಕ್ಷೆ ಮಾಡ್ಸದೆ ಪದೇ ಪದೇ ಅದೇ ಮಾತ್ರೆ ತಿಂದ್ರಿ. ಈಗ ಕ್ರಿಮಿ ಅದಕ್ಕೆ ಬಗ್ತಿಲ್ಲ ಅನ್ಸುತ್ತೆ. ಇವತ್ತೇ ಆಸ್ಪತ್ರೆಗೆ ಸೇರ್ಕೊಳ್ಳಿ."

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಆಗಸ್ಟ್ ೬, ಮಂಗಳವಾರ

ಆಸ್ಪತ್ರೆ. ಡಾಕ್ಟರ್ ಹುಡುಗಿ ಅಂದದ್ದೇ ನಿಜ. ರಿಪೋರ್ಟ್ ಬಂತು, ಆ ಮಾತ್ರೆ ಇನ್ನು ನನಗೆ ನಾಟುವುದಿಲ್ಲ. ಪುಣ್ಯಕ್ಕೆ ಇಂಜೆಕ್ಷನ್ ಹಿಡಿದಿದೆ. ಜ್ವರ ಇಳಿಯಿತು.

ಬೆಳಿಗ್ಗೆ ಅವಳು ನೋಡಲು ಬಂದಿದ್ದಳು. "ಈಗ ಹೇಗೆ ಹೋಗ್ತಿದೆ ಮಾಮಾ?" "ಉರಿ ಇಲ್ಲ ಕಣಮ್ಮ, ಧಾರಾಳವಾಗಿ ಹೋಗ್ತಿದೆ!" ಇಡೀ ವಾರ್ಡಿಗೇ ಕೇಳಿಸಿತು. ಕೇಳಲಿ.

ಅವಳು ಹೋದ ಮೇಲೆ ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಹಿರಿಯರೊಬ್ಬರು ಮೆಲ್ಲಗೆ ಬಂದರು. ಹಿಂದೆ ಮುಂದೆ ನೋಡಿದರು. "ನನಗೂ ಹಿಂಗೇ... ನೀವು ತಗೊಂಡಿದ್ದು ಯಾವ ಮಾತ್ರೆ? ಹೆಸರು ಹೇಳಿದ್ರೆ ಅಂಗಡೀಲೇ..."

"ಹೆಸರು ಬಿಡಿ ಯಜಮಾನ್ರೇ, ಕೂತ್ಕೊಳ್ಳಿ." ಕಾಲು ಮಡಿಸಿ ಜಾಗ ಮಾಡಿಕೊಟ್ಟೆ. ಕೂತಿದ್ದಾರೆ. ಶಲ್ಯದ ತುದಿ ಸುರುಳಿ ಸುತ್ತುತ್ತಿದ್ದಾರೆ. ನಾನು ಮುಖ ನೋಡಿದರೆ ಅವರಿಗೆ ಇನ್ನೂ ನಾಚಿಕೆಯೇನೋ ಅಂತ ಇದನ್ನು ಬರೆಯುತ್ತ ಕೂತೆ. ಈಗ ಕೆಮ್ಮಿದರು. ಹೇಳತೊಡಗಿ—