ಅಣ್ಣ ತನ್ನದೆಂದ ಹಾಡು

ಮಾರ್ಚ್ ೧೪, ಹೋಟೆಲ್ ರೂಮು

ಅಣ್ಣನ ಮುಖ ನೋಡೋಕೂ ಮನಸ್ಸಿಲ್ಲ. ಬ್ಲೂಸ್, ಫಂಕ್, ಜಾಝ್ ಅಂತ ಊರೂರು ಸುತ್ತೋ ನಮ್ಮ ಬ್ಯಾಂಡಿಗೆ ಅವನೇ ಹಾಡುಗಾರ, ಸರಿ. ಅದಕ್ಕೆ ಇವತ್ತು ಮೈಕ್ ಹಿಡಿದು, "ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲೇ ಕೂತು ಕಟ್ಟಿದೆ ಈ ಹಾಡನ್ನ" ಅನ್ನೋದಾ? ಕೂತಿದ್ದವಳು ನಾನು, ಕಟ್ಟಿದವಳೂ ನಾನು. ಆ ಹನ್ನೊಂದು ದಿನ ಅವನು ಫೋನ್ ಕೂಡ ಎತ್ತಲಿಲ್ಲ. ಜನ ಚಪ್ಪಾಳೆ ತಟ್ಟಿದರು, ನನಗೆ ಮೈಯೆಲ್ಲ ಉರಿದುಹೋಯಿತು. ಎರಡನೇ ಚರಣದಲ್ಲಿ ಬೇಸ್ ಗಿಟಾರ್ ನಿಲ್ಲಿಸಿಬಿಟ್ಟೆ. ಡ್ರಮ್ಮರ್ ತಬ್ಬಿಬ್ಬಾಗಿ ಬಾರಿಸೋದು ನಿಲ್ಲಿಸಿದ.

"ಏನಾಯ್ತೇ?" ಅಂತ ಪಿಸುಗುಟ್ಟಿದ ಅಣ್ಣ.

"ಯಾರು ಕಟ್ಟಿದ್ದು ಅಂತ ಹೇಳು, ನುಡಿಸ್ತೀನಿ," ಅಂದೆ, ಎಲ್ಲರಿಗೂ ಕೇಳೋ ಹಾಗೆ.

ತಲೆ ತಗ್ಗಿಸಿ ಹೇಳಿದ. ನುಡಿಸಿದೆ. ಆದರೂ ಸಿಟ್ಟು ಇಳಿದಿಲ್ಲ. ಈಗ ಬಾಗಿಲಾಚೆ ನಿಂತು "ತಪ್ಪಾಯ್ತು ಕಣೇ" ಅಂತಿದಾನೆ. ನನಗೆ ಯಾಕೋ ಹೇಳ್ತೀಯ? ಅಮ್ಮನಿಗೆ ಹೇಳಬೇಕಿತ್ತು, ಅವಳು ಬದುಕಿದ್ದಾಗ, ನೀನು ಬರ್ತೀಯ ಅಂತ ಆಸ್ಪತ್ರೆ ಬಾಗಿಲ ಕಡೆನೇ ನೋಡ್ತಾ ಮಲಗಿದ್ದಾಗ.